ಹದಿಮೂರನೇ ಚಾನೆಲ್

೪ ಆಗಸ್ಟ್ ೨೦೦೮, ಸೋಮವಾರ

ಬೆಳಗಿನ ಬ್ಯಾಚ್ ಮುಗಿಯಿತು. ಅಮೇರಿಕಾದ ದಾನಿಗಳು ನಮ್ಮ ಕಂಪ್ಯೂಟರ್ ಸೆಂಟರಿಗೆ ಕಳಿಸಿದ ಐದು ಲ್ಯಾಪ್‌ಟಾಪ್ ಇವತ್ತೂ ಹಾಗೇ. ಆನ್ ಆಗುತ್ತವೆ, ನೆಟ್ ಮಾತ್ರ ಇಲ್ಲ. ಹುಬ್ಬಳ್ಳಿಯಲ್ಲಿ ಕೊಂಡ ನನ್ನ ಹಳೆಯ ಕಂಪ್ಯೂಟರಿಗೆ ಆಫೀಸಿನ ವೈಫೈ ಸಲೀಸಾಗಿ ಬರುತ್ತದೆ.

ಚೇರ್ಮನ್ ಅಂದಾನಪ್ಪನವರು ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು. "ಹುಡುಗ್ಯಾರ ಕೈಯಾಗ ಕೊಟ್ರ ಹಿಂಗ ಆಗೂದು. ಏನೇನರ ಒತ್ತಿ ಕೆಡಿಸ್ಯಾರ. ಇನ್ನೊಂದ ವಾರ ನೋಡ್ತೀನಿ ಸೈರಾ ಟೀಚರ್, ಆಮ್ಯಾಲ ಹೆಣ್ಣಮಕ್ಕಳ ಬ್ಯಾಚ್ ಬಂದ್."

ಸೂಡಿಯಿಂದ ಬಸ್ಸಿಗೆ ಬರುವ ಶೈಲಶ್ರೀ ಅವನ್ನು ಮೊದಲು ಮುಟ್ಟಿದಳಂತೆ, ಅದಕ್ಕೇ ತಪ್ಪೆಲ್ಲ ಅವಳದಂತೆ. ಪಾಪ, ಅತ್ತುಬಿಟ್ಟಳು. ಮೈಯೆಲ್ಲ ಉರಿಯಿತು.

೬ ಆಗಸ್ಟ್, ಸಂಜೆ

ವಿಚಿತ್ರ. ಲ್ಯಾಪ್‌ಟಾಪಿನಲ್ಲಿ ಖಾದರನ ಸೈಬರ್ ಕೆಫೆಯ ವೈಫೈ ಹೆಸರು ಕಾಣುತ್ತದೆ. ರಸ್ತೆಯಾಚೆಯದು! ಗೋಡೆಯಾಚೆಯ ನಮ್ಮ ಆಫೀಸಿನದು ಕಾಣುವುದಿಲ್ಲ. ಹೋಗಿ ಕೇಳಿದೆ. ಖಾದರ ನಕ್ಕ.

"ಅಕ್ಕಾ, ನಿಮ್ಮ ವೈಫೈ ಡಬ್ಬಿ ಯಾವ ಚಾನೆಲ್ ಮ್ಯಾಲ ಐತಿ ನೋಡ್ರಿ. ರೇಡಿಯೋ ಸ್ಟೇಷನ್ನಿಗೆ ಇದ್ದಂಗ ಇದಕ್ಕೂ ನಂಬರ್ ಇರ್ತಾವ. ನಂದು ಆರು. ನಮ್ಮ ದೇಶದಾಗ ಹದಿಮೂರರ ತನಕಾ ನಡೀತೈತಿ. ಅಮೇರಿಕಾದಾಗ ಮಾರೂ ಮಷೀನು ಹನ್ನೊಂದರ ತನಕಾ ಅಷ್ಟ ಕೇಳತಾವ. ಅಲ್ಲಿ ಕಾಯ್ದೆ ಹಂಗ ಐತಿ, ಸಾಫ್ಟ್‌ವೇರಿನ್ಯಾಗ ಹಾಕೇ ಕಳಿಸಿರ್ತಾರ."

೭ ಆಗಸ್ಟ್

ಡಬ್ಬಿ ಕೂರಿಸಿದ ಗುರುಪಾದನಿಗೆ ಫೋನ್ ಮಾಡಿದೆ. ಹದಿಮೂರಂತೆ! "ಆ ನಂಬರಿನ್ಯಾಗ ಬ್ಯಾರೆ ಯಾರೂ ಇರೂದಿಲ್ರಿ, ಅದಕ್ಕ" ಎಂದ. ಡಬ್ಬಿಯ ಸೆಟ್ಟಿಂಗ್ ಬದಲಿಸುವ ಪಾಸ್‌ವರ್ಡ್ ಕೂಡ ಹೇಳಿದ.

ಲ್ಯಾಪ್‌ಟಾಪಿನ ವೈಫೈ ಸೆಟ್ಟಿಂಗಿನಲ್ಲಿ ದೇಶ ಬದಲಿಸಲು ನೋಡಿದೆ. 'ಯುನೈಟೆಡ್ ಸ್ಟೇಟ್ಸ್' — ಎಷ್ಟು ಒತ್ತಿದರೂ ಬದಲಾಗುವುದಿಲ್ಲ. ಎಲಾ ಇದರ! ಕೂತಿರುವುದು ರೋಣದಲ್ಲಿ, ಓಡುವುದು ರೋಣದ ಕರೆಂಟಿನ ಮೇಲೆ, ಪಾಲಿಸುವುದು ಅಮೇರಿಕಾದ ಕಾಯ್ದೆ. ಬೈಸಿಕೊಳ್ಳುವವಳು ಸೂಡಿಯ ಹುಡುಗಿ.

ನನ್ನ ಕಂಪ್ಯೂಟರಿನಿಂದಲೇ ಡಬ್ಬಿಯನ್ನು ಒಂದನೇ ಚಾನೆಲ್ಲಿಗೆ ಹಾಕಿದೆ. ಐದಕ್ಕೂ ನೆಟ್ ಬಂತು. ಶೈಲಶ್ರೀ ಕಿರುಚಿದ ರೀತಿಗೆ ಆಫೀಸಿನವರು ಓಡಿಬಂದರು.

೯ ಆಗಸ್ಟ್, ಶನಿವಾರ

ಅಂದಾನಪ್ಪನವರು ಬಂದರು, ನೋಡಿದರು. ಎಲ್ಲ ವಿವರಿಸಿದೆ, ಕಿವಿಗೇ ಹಾಕಿಕೊಳ್ಳಲಿಲ್ಲ. ತಪ್ಪಾಯಿತು ಎಂಬ ಮಾತಿಲ್ಲ. ಶೈಲಶ್ರೀಯತ್ತ ತಿರುಗಿಯೂ ನೋಡಲಿಲ್ಲ.

"ಈಗ ಚಲೋ ನಡ್ಯಾಕತ್ತಾವಲ್ಲ, ಗಂಡಹುಡುಗರ ಖೋಲಿಗೆ ಒಯ್ರಿ. ಅವರಿಗರ ಉಪಯೋಗ ಆಗ್ತಾವ."

"ನಮ್ಮ ಹುಡುಗ್ಯಾರು ಕಲಿಯೂದು ಹ್ಯಾಂಗ್ರಿ?"

"ನಿಮ್ಮ ಹಳೇದೊಂದು ಐತಲ್ಲ?"

ಪ್ಯೂನ್ ಐದನ್ನೂ ಹೊತ್ತೊಯ್ದ. ಒಂದು ಕಂಪ್ಯೂಟರಿಗೆ ಇಡೀ ಬ್ಯಾಚ್. ಇದ್ಯಾವ ನ್ಯಾಯ?

೧೧ ಆಗಸ್ಟ್, ಸೋಮವಾರ, ಬೆಳಿಗ್ಗೆ

ಎಲ್ಲರಿಗಿಂತ ಮೊದಲು ಬಂದೆ. ಹಳೆಯ ಕಂಪ್ಯೂಟರ್ ಆನ್ ಮಾಡಿದೆ. ಡಬ್ಬಿಯಲ್ಲಿ ಒಂದನೇ ಚಾನೆಲ್ ತೆಗೆದೆ. ಹದಿಮೂರು ಹಾಕಿದೆ. ನಮ್ಮ ದೇಶದ ಕಾಯ್ದೆ ಪ್ರಕಾರ ಒಂದಿಷ್ಟೂ ತಪ್ಪಿಲ್ಲ.

ಅದೇ ದಿನ, ಮಧ್ಯಾಹ್ನ

ಗಂಡುಹುಡುಗರ ಖೋಲಿಯಲ್ಲಿ ಗದ್ದಲ. ಐದೂ 'ಕೆಟ್ಟಿವೆ'. ಅಂದಾನಪ್ಪನವರೇ ಬಂದರು.

"ಟೀಚರ್, ಒಂದೀಟ ನೋಡ್ರಿ..."

"ಹುಡುಗರು ಏನೇನರ ಒತ್ತಿ ಕೆಡಿಸಿರಬೇಕ್ರಿ" ಎಂದೆ.

ಶೈಲಶ್ರೀ ಕೀಬೋರ್ಡಿನ ಮೇಲೆ ಬಗ್ಗಿ ನಗು ನುಂಗಿದಳು. ಅವರು ಮುಖ ಕೆಂಪು ಮಾಡಿಕೊಂಡು ಹೋದರು.

ಈಗ ಮತ್ತೆ ಬರುತ್ತಿದ್ದಾರೆ. ಹಿಂದೆ ಪ್ಯೂನ್, ಐದೂ ಲ್ಯಾಪ್‌ಟಾಪ್ ಹೊತ್ತುಕೊಂಡು. ಇಲ್ಲೇ ಇಟ್ಟು ಹೋಗಲಿ. ಮೊದಲು ಶೈಲಶ್ರೀಗೆ, ಎಲ್ಲರ ಎದುರು, ನಿನ್ನ ತಪ್ಪಲ್ಲ ಅನ್ನಲಿ. ಅಲ್ಲಿಯವರೆಗೆ ಈ ಹದಿಮೂರನ್ನು ನಾನು ಬದಲಿಸುವುದಿಲ್ಲ.