ಇಬ್ಬರ ಹೆಸರಿಗೆ ನನ್ನ ಸಹಿ

ಮಾರ್ಚ್ 4, ಮಧ್ಯಾಹ್ನ. ಖಾರ್ಕಿವ್, ಉಕ್ರೇನ್

ನೆಲಮಾಳಿಗೆಯಲ್ಲಿ ತಾಲೀಮು. ಎರಡು ಸಲ ಸೈರನ್ ಆಯಿತು, ಯಾರೂ ತಲೆ ಎತ್ತಲಿಲ್ಲ. ಆಮೇಲೆ ಕರೆಂಟು ಹೋಯಿತು. ಪಿಟೀಲಿಗೆ ಕರೆಂಟು ಬೇಡ, ನುಡಿಸುತ್ತಲೇ ಇದ್ದೆ. ರಾದಿಮ್‌ಗೆ ಮೈಕಿಲ್ಲದೆ ಹಾಡಲು ಬರುವುದಿಲ್ಲ. ಮೂಲೆಯಲ್ಲಿ ಕೂತು ಫೋನಿನ ಬೆಳಕಲ್ಲಿ ಗಡ್ಡ ನೋಡಿಕೊಂಡ.

ಅವನ ಮುಖ ಕಂಡರೇ ಮೈ ಉರಿಯುತ್ತದೆ. ರಷ್ಯಾ ನಮ್ಮ ಕ್ರೈಮಿಯಾ ಕಿತ್ತುಕೊಂಡ ಮೇಲೂ ಮಾಸ್ಕೋಗೆ ಹೋಗಿ ಹಾಡಿ ಬಂದವನು. ರಷ್ಯನ್ ಹಾಡುಗಳಿಂದಲೇ ಹೆಸರು ಮಾಡಿದವನು. ಈಗ ಮೈಮೇಲೆ ನಮ್ಮ ನಾಡಿನ ಕಸೂತಿ ಅಂಗಿ, ಬಾಯ್ತುಂಬ ದೇಶ. ಆದರೂ ಜನ ಬರುವುದು ಅವನ ಗಂಟಲಿಗೆ. ನನ್ನ ಪಿಟೀಲಿಗಲ್ಲ, ಲುಕ್ಯಾನನ ಡ್ರಮ್ಮಿಗೂ ಅಲ್ಲ. ಅದು ಇನ್ನೊಂದು ಉರಿ.

ಮಾರ್ಚ್ 6

ದೆಮ್ಯಾನ್ ಫೋನ್ ಮಾಡಿದ್ದ. ನನ್ನ ತಮ್ಮ. ಗಾಯಾಳುಗಳನ್ನು ಹೊತ್ತು ತರುವ ಪಡೆಯಲ್ಲಿದ್ದಾನೆ. ಅವರ ಗಾಡಿಗೆ ಡ್ರೋನ್ ಬಡಿದು ಸುಟ್ಟುಹೋಯಿತಂತೆ. ಆಗ ಅವನು ಒಳಗಿರಲಿಲ್ಲ, ಸದ್ಯ.

"ಈಗ ಹ್ಯಾಗೆ ತರ್ತೀರೋ?"

"ಹೆಗಲ ಮೇಲೆ. ನಾಲ್ಕು ಕಿಲೋಮೀಟರು. ನಿನ್ನೆ ಒಬ್ಬ ದಾರೀಲೇ ಹೋದ. ಅಕ್ಕಾ, ಗಾಡಿ ಬೇಕು. ಬೇರೇನೂ ಕಳಿಸ್ಬೇಡ."

ಪೋಲೆಂಡಿನಲ್ಲಿ ಆರು ಕಾರ್ಯಕ್ರಮ ಕೊಟ್ಟರೆ ಗಾಡಿಯಾಗುತ್ತದೆ. ಆದರೆ ಯುದ್ಧದ ವಯಸ್ಸಿನ ಗಂಡಸರು ಗಡಿ ದಾಟಲು ಪರವಾನಗಿ ಬೇಕು, ಪರವಾನಗಿಗೆ ತಂಡದ ಮುಖ್ಯಸ್ಥರ ಸಹಿ ಬೇಕು — ಇವರನ್ನು ವಾಪಸ್ ಕರೆತರುತ್ತೇನೆ ಎಂದು. ಮುಖ್ಯಸ್ಥೆ ನಾನು. ಒಬ್ಬ ತಪ್ಪಿಸಿಕೊಂಡರೂ ಸಾಕು, ನಮ್ಮ ತಂಡ ಇನ್ನು ಗಡಿ ದಾಟುವ ಹಾಗಿಲ್ಲ. ಈ ಗಾಡಿಯೂ ಸುಟ್ಟರೆ ದೆಮ್ಯಾನನಿಗೆ ಮುಂದಿನದು ಎಲ್ಲಿಂದ ತರಲಿ?

ಲುಕ್ಯಾನನ ಹೆಸರಿಗೆ ಕಣ್ಣುಮುಚ್ಚಿ ಸಹಿ ಹಾಕಿದೆ. ದೆಮ್ಯಾನನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಹುಡುಗ. ರಾದಿಮ್ ಹೆಸರಿನ ಹತ್ತಿರ ಕೈ ನಿಂತಿತು.

"ಓಡಿಹೋಗ್ತೀಯಲ್ಲ?" ನೇರವಾಗಿಯೇ ಕೇಳಿದೆ.

"ನಿನ್ನ ಪಿಟೀಲು ಕೇಳ್ತಾ ಇದ್ರೆ ಯಾರಿಗಾದ್ರೂ ಓಡಿಹೋಗೋಣ ಅನ್ಸತ್ತೆ, ಉಸ್ತ್ಯಾ."

ಲುಕ್ಯಾನ್ ನಕ್ಕ. ನಾನು ನಗಲಿಲ್ಲ. ಗಾಡಿಗಾಗಿ ಸಹಿ ಹಾಕಿದೆ.

ಮಾರ್ಚ್ 27. ಗಡಿ ದಾಟಿ ಒಂದು ಗಂಟೆ

ಬಸ್ಸಿನಲ್ಲೇ ರಾದಿಮ್‌ನ ಪಾಸ್‌ಪೋರ್ಟ್ ಕಿತ್ತುಕೊಂಡು ನನ್ನ ಚೀಲಕ್ಕೆ ಹಾಕಿಕೊಂಡೆ.

"ಜೈಲರಮ್ಮ. ಕೋಳ ತಂದಿಲ್ವಾ?"

"ಬೇಕಾದ್ರೆ ಇಲ್ಲೇ ಕೊಂಡ್ಕೊಳ್ತೀನಿ."

ಲುಕ್ಯಾನ್ ತನ್ನ ಪಾಸ್‌ಪೋರ್ಟನ್ನೂ ಚಾಚಿದ. "ಇದನ್ನೂ ಇಟ್ಕೋ." ನಿಂದು ಬೇಡ ಕಣೋ ಅಂದೆ. ಒಂದು ಕ್ಷಣ ಹಾಗೇ ಚಾಚಿಕೊಂಡೇ ಇದ್ದ. ಆಮೇಲೆ ಜೇಬಿಗೆ ಹಾಕಿಕೊಂಡ.

ಮಾರ್ಚ್ 31. ಕ್ರಾಕೋವ್

ಸಭಾಂಗಣ ತುಂಬಿತ್ತು. ಎಲ್ಲ ನಮ್ಮವರೇ, ಹೆಂಗಸರು, ಮಕ್ಕಳು. ಮೂರನೇ ಹಾಡಿನಲ್ಲಿ ರಾದಿಮ್ ಎಡವಿದ. ಹಳೆಯ ಹಾಡಿಗೆ ಉಕ್ರೇನಿಯನ್‌ನಲ್ಲಿ ಹೊಸದಾಗಿ ಬರೆದ ಸಾಲು ಮರೆತು ರಷ್ಯನ್ ಸಾಲನ್ನೇ ಹಾಡಿಬಿಟ್ಟ. ಮುಂದಿನ ಸಾಲಿನ ಹೆಂಗಸೊಬ್ಬಳು ಥೂ ಎಂದು ಎದ್ದು ಹೋದಳು. ಅವನು ನಿಲ್ಲಿಸಿದ, ಕ್ಷಮೆ ಕೇಳಿದ, ಮೊದಲಿಂದ ಹಾಡಿದ. ಆಮೇಲೆ ಸೈನಿಕರು ಬಣ್ಣ ಬಳಿದು ಕೊಟ್ಟ, ಸಿಡಿದ ಶೆಲ್ಲಿನ ಖಾಲಿ ಕೊಳವೆಯನ್ನು ಹರಾಜು ಹಾಕಿದೆವು. ಒಳ್ಳೆಯ ಬೆಲೆಗೆ ಹೋಯಿತು.

ತೆರೆಯ ಹಿಂದೆ ನಾನು ಬಿಡಲಿಲ್ಲ. "ನಿನ್ನ ನಾಲಗೆ ಇನ್ನೂ ಮಾಸ್ಕೋದಲ್ಲೇ ಇದೆ."

"ನಾನು ಬರೆದ ಹಾಡು ಕಣೇ ಅದು. ಇಪ್ಪತ್ತು ವರ್ಷ ಹಾಡಿದೀನಿ. ನಿನ್ನ ಪಾಠ ನಂಗೆ ಬೇಕಾಗಿಲ್ಲ."

"ಇಬ್ರೂ ಬಾಯ್ಮುಚ್ರೋ, ದಮ್ಮಯ್ಯ," ಅಂದ ಲುಕ್ಯಾನ್. ಡ್ರಮ್ಮಿನ ಕೋಲುಗಳನ್ನು ಚೀಲಕ್ಕೆ ಹಾಕುತ್ತಿದ್ದ, ಮತ್ತೆ ತೆಗೆಯುತ್ತಿದ್ದ. ನಮ್ಮ ಜಗಳಕ್ಕೆ ಹೆದರಿದ್ದಾನೆ ಅಂದುಕೊಂಡೆ.

ಏಪ್ರಿಲ್ 9. ಪೊಜ್ನಾನ್

ಕೊನೆಯ ಕಾರ್ಯಕ್ರಮ ಮುಗಿಯಿತು. ಗಾಡಿಗೆ ಬೇಕಾದಷ್ಟು ಆಯಿತು!

ಲುಕ್ಯಾನನ ಹೆಂಡತಿ, ಮಗಳು ಇರುವುದು ಈ ಊರಲ್ಲೇ. ಯುದ್ಧ ಶುರುವಾದ ವಾರವೇ ಬಂದವರು. ಮಗಳು ಜೋರ್ಯಾನಾಗೆ ಈಗ ಐದು. ಅಪ್ಪನನ್ನು ಫೋನಿನಲ್ಲಷ್ಟೇ ಕಂಡ ಮಗು, ಎತ್ತಿಕೊಳ್ಳಲು ಹೋದರೆ ಅಮ್ಮನ ಹಿಂದೆ ಅವಿತುಕೊಂಡಿತು. ಪೋಲಿಶ್‌ನಲ್ಲಿ ಏನೋ ಕೇಳಿತು. ನಾನು ಪೂರ್ತಿ ನೋಡಲಿಲ್ಲ. ರಾದಿಮ್ ಹಿಂಬಾಗಿಲ ಕಡೆ ಹೊರಟಿದ್ದ, ಅವನ ಬೆನ್ನು ಹತ್ತಿದೆ. ಸಿಗರೇಟು ಸೇದಲು ಹೋಗಿದ್ದ ಅಷ್ಟೆ.

ಏಪ್ರಿಲ್ 10, ಬೆಳಿಗ್ಗೆ

ಇಲ್ಲಿ ಎಂಟು, ನಮ್ಮೂರಲ್ಲಿ ಒಂಬತ್ತು. ಯುದ್ಧದಲ್ಲಿ ಸತ್ತವರಿಗಾಗಿ ದಿನಾ ಒಂದು ನಿಮಿಷ ಮೌನವಾಗಿ ನಿಲ್ಲುವ ಹೊತ್ತು. ಬಸ್ಸಿನ ಪಕ್ಕ ಸಾಲಾಗಿ ನಿಂತೆವು. ಮುದುಕ ಡ್ರೈವರ್ ಓಮೆಲ್ಯಾನ್ ಟೋಪಿ ತೆಗೆದ. ತಲೆ ತಗ್ಗಿಸಿದೆ. ಕಣ್ಣಿಗೆ ಬಿದ್ದದ್ದು ಬೂಟುಗಳು. ನನ್ನವು, ಓಮೆಲ್ಯಾನನವು, ರಾದಿಮ್‌ನವು. ಲುಕ್ಯಾನನ ಬೂಟಿಲ್ಲ. ದಿನಾ ಎಲ್ಲರಿಗಿಂತ ಮೊದಲು ಬಂದು ನಿಲ್ಲುವವನು!

ಆದರೆ ನಿಮಿಷ ಮುಗಿಯುವ ತನಕ ಬಾಯಿ ತೆರೆಯುವಂತಿಲ್ಲ. ಅಷ್ಟು ಉದ್ದದ ನಿಮಿಷ ನನ್ನ ಜನ್ಮದಲ್ಲಿ ಕಂಡಿಲ್ಲ. ತಲೆ ಎತ್ತಿದರೆ ರಾದಿಮ್ ನನ್ನನ್ನೇ ನೋಡುತ್ತಿದ್ದ.

"ಎಲ್ಲಿ ಅವನು?"

"ಅವನು ಬರಲ್ಲ."

"ನಿಂಗೆ ಗೊತ್ತಿತ್ತಾ?"

"ನಿಂಗೂ ಗೊತ್ತಾಗ್ತಿತ್ತು, ನನ್ನ ಬೆನ್ನು ಕಾಯೋದು ಬಿಟ್ಟು ಒಂದ್ಸಲ ಅವನ ಮುಖ ನೋಡಿದ್ರೆ. 'ಈ ಅಂಕಲ್ ಯಾವಾಗ ಹೋಗ್ತಾರೆ' ಅಂತ ಕೇಳ್ತಂತೆ ಮಗು."

ಕೆನ್ನೆಗೆ ಬಾರಿಸಿದೆ. ಅಲುಗಲಿಲ್ಲ ಅವನು. ಕೈ ಚಾಚಿದ. "ಪಾಸ್‌ಪೋರ್ಟ್ ಕೊಡು. ನಾನು ಊರಿಗೆ ಹೋಗ್ಬೇಕು."

ಏಪ್ರಿಲ್ 13. ಖಾರ್ಕಿವ್

ಪರವಾನಗಿ ರದ್ದಾದ ಕಾಗದ ಬರುವ ಮೊದಲು ನಾನೇ ಬರೆದು ಹಾಕಿದೆ, ತಂಡದ ಫೇಸ್‌ಬುಕ್ ಪುಟದಲ್ಲಿ. ಲುಕ್ಯಾನನ ಪೂರ್ತಿ ಹೆಸರು. ಫೋಟೊ, ಹೆಂಡತಿ ಮಗಳ ಜೊತೆಗಿನದು. 'ನನ್ನ ತಮ್ಮನಂಥವರ ಬೆನ್ನಿಗೆ ಚೂರಿ ಹಾಕಿ ಓಡಿಹೋದ ಹೇಡಿ' ಎಂದು.

ರಾದಿಮ್ ಫೋನ್ ಮಾಡಿದ. "ಮಗೂ ಮುಖನಾದ್ರೂ ತೆಗಿಯೇ."

"ಓಡಿಹೋಗುವಾಗ ಅವನಿಗೆ ಯಾರ ಮುಖ ನೆನಪಾಯ್ತು?"

"ನೀನು ಮನುಷ್ಯಳಾ?" ಇಟ್ಟುಬಿಟ್ಟ.

ಸಂಜೆಯೊಳಗೆ ಸಾವಿರಾರು ಜನ ಲುಕ್ಯಾನನಿಗೆ ಬಾಯಿಗೆ ಬಂದಂತೆ ಉಗಿದಿದ್ದರು. ಅವನ ತಾಯಿಯ ಮನೆ ಬಾಗಿಲಿಗೆ ಯಾರೋ ಕಪ್ಪು ಬಣ್ಣ ಎರಚಿದರಂತೆ. ಎರಚಲಿ. ಟೀ ಕುಡಿಯುತ್ತಾ ಒಂದೊಂದೇ ಓದಿದೆ. ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಏಪ್ರಿಲ್ 19

ದೆಮ್ಯಾನ್ ಫೋನ್. ಗಾಡಿ ತಲುಪಿದೆ.

"ನಿನ್ನೆ ಮೂವರನ್ನ ತಂದ್ವಿ. ಮೂವರೂ ಬದುಕಿದಾರೆ."

ಖುಷಿಗೆ ಅಳು ಬಂತು. ಏನೋ ಹೇಳಹೋದೆ, ತಡೆದ.

"ಅದಕ್ಕಲ್ಲ ಫೋನ್ ಮಾಡಿದ್ದು. ನೀನು ಬರ್ದಿದ್ದು ನೋಡ್ದೆ. ಲುಕ್ಯಾನ್‌ಗೆ ಅಲ್ಲೇ ಇರು ಅಂದವನು ನಾನು."

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ಪೊಜ್ನಾನ್‌ನಿಂದ ಫೋನ್ ಮಾಡಿದ್ದ. 'ಉಸ್ತ್ಯಾಗೆ ಮಾತು ಕೊಟ್ಟಿದೀನಿ, ಬರ್ತೀನಿ' ಅಂತಾನೇ ಇದ್ದ. ನಾನೇ ಬೈದೆ. 'ಮಗು ಹತ್ರ ಬಿದ್ದಿರೋ ಮುಠ್ಠಾಳ, ನಿನ್ನನ್ನೂ ಒಂದಿನ ನಾನೇ ಹೊರಬೇಕಾ' ಅಂತ. ಹೇಡಿ ಅಂತ ಬರೆಯೋದಾದ್ರೆ ನನ್ನ ಹೆಸರು ಬರಿ."

"ನಾನು ಸಹಿ ಹಾಕಿದ್ದೆ ಕಣೋ! ನಿಮಗೆ ಇನ್ನೊಂದು ಗಾಡಿ ಬೇಕಾದ್ರೆ—"

"ನಾನು ಕೇಳಿದ್ದು ಗಾಡಿ ಅಕ್ಕಾ, ಅವನ ಮರ್ಯಾದೆ ಅಲ್ಲ. ಅವರಮ್ಮ ನಂಗೆ ಫೋನ್ ಮಾಡಿ ಅತ್ರು. ಅದನ್ನ ಅಳಿಸೋ ತನಕ ನನಗೆ ಫೋನ್ ಮಾಡ್ಬೇಡ."

ಸಿಟ್ಟು ನೆತ್ತಿಗೇರಿದೆ. ನಾನು ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ? ಅಳಿಸುವುದಿಲ್ಲ. ಏನು ಬೇಕಾದರೂ ಆಗಲಿ.

ಏಪ್ರಿಲ್ 24, ಮಧ್ಯಾಹ್ನ

ದೆಮ್ಯಾನ್ ಫೋನ್ ನಾಲ್ಕು ದಿನದಿಂದ ಆಫ್. ಅವನ ಪಡೆಯವರು ಯಾರೂ ಎತ್ತುತ್ತಿಲ್ಲ. ರಾದಿಮ್ ತಾನಾಗಿಯೇ ಬಂದು ಕೂತಿದ್ದಾನೆ. ಬೈಯಲಿಲ್ಲ, ಚುಚ್ಚಲಿಲ್ಲ. "ಅಲ್ಲಿ ಸಿಗ್ನಲ್ ಸಿಗಲ್ಲ, ಉಸ್ತ್ಯಾ," ಅಂದ. ನನ್ನ ಮುಖ ನೋಡದೆ ಅಂದ. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಬೆಳಿಗ್ಗೆ ಎದ್ದವಳೇ ಎಲ್ಲ ಅಳಿಸಿದೆ. ದೆಮ್ಯಾನನಿಗೆ ಮೆಸೇಜ್ ಕಳಿಸಿದೆ. 'ತೆಗೆದೆ ಕಣೋ. ಅವರಮ್ಮನ ಮನೆಗೂ ಹೋಗ್ತೀನಿ. ಫೋನ್ ಮಾಡೋ.' ಒಂದು ಟಿಕ್. ಕಳಿಸಿ ಎಂಟು ತಾಸಾಯಿತು, ಇನ್ನೂ ಒಂದೇ ಟಿಕ್.

ಯಾರೋ ಬಾಗಿಲು ತಟ್ಟುತ್ತಿದ್ದಾರೆ. ಕಿಟಕಿಯಿಂದ ಕಂಡೆ, ಇಬ್ಬರು, ಸೇನೆಯ ಸಮವಸ್ತ್ರದಲ್ಲಿ. ನೀನು ಕೂತಿರು ಅಂತ ರಾದಿಮ್ ಎದ್ದ. ಬರೆಯುತ್ತಿರುತ್ತೇನೆ. ಬರೆಯುತ್ತಿರುವ ತನಕ ಅವರು ದೆಮ್ಯಾನನ ಬಗ್ಗೆ ಏನೂ