ಸರ್ಹಾನನ ದನಿಯಲ್ಲಿ

ಸೆಪ್ಟೆಂಬರ್ 27, ಭಾನುವಾರ

ಲಬನೆ ಬೇಕಿತ್ತು, ನೀರು ಬಸಿದ ಗಟ್ಟಿ ಮೊಸರು. ಅಂಗಡಿಯಲ್ಲಿ ಹಿಂದೆ ಜನ ನಿಂತಿದ್ದರು. 'ಲ' ಬರಲಿಲ್ಲ. ಚೀಸ್ ಕೇಳಿ ತಂದೆ. ಸಮರ್ ಪೊಟ್ಟಣ ಬಿಚ್ಚಿ ನೋಡಿದಳು, ಫ್ರಿಜ್‌ನಲ್ಲಿಟ್ಟಳು. ಅಲ್ಲಿ ಆಗಲೇ ಚೀಸ್ ಇತ್ತು. ಮದುವೆಯಾದಾಗಿನಿಂದ ಹೀಗೇ. ನಾನು ತಂದದ್ದೇ ತನಗೆ ಬೇಕಾಗಿದ್ದದ್ದು ಎಂಬಂತೆ ಎತ್ತಿಡುತ್ತಾಳೆ.

ಸಂಜೆ ಸ್ಟುಡಿಯೋ. ಕಾರ್ಟೂನಿನ ಹೊಸ ಕಂತಿಗೆ ದನಿ ಕೊಡುವ ಕೆಲಸ. ಕೆಂಪು ದೀಪ ಹತ್ತಿದೊಡನೆ ಗಂಟಲಲ್ಲಿ ಯಾರೋ ಚಿಲಕ ತೆಗೆಯುತ್ತಾರೆ. ಆಮೇಲೆ ನಾನಿಲ್ಲ, ಕಡಲುಗಳ್ಳ ಕ್ಯಾಪ್ಟನ್ ಸರ್ಹಾನ್ ಇದ್ದಾನೆ. "ಎಲೈ ನಾವಿಕರೇ! ಲಂಗರನ್ನು ಮೇಲೆತ್ತಿರಿ!" — ಎಷ್ಟು ಸಲೀಸು ಆ 'ಲ'. ಪುಸ್ತಕದ ಅರಬ್ಬಿ, ಯಾರ ಮನೆಯಲ್ಲೂ ಆಡದ ಭಾಷೆ. ಆ ಭಾಷೆಯಲ್ಲಿ ಒಮ್ಮೆಯೂ ಉಗ್ಗಿಲ್ಲ. ಅಮ್ಮಾನ್ ನಗರದ ಮಕ್ಕಳಿಗೆಲ್ಲ ಆ ದನಿ ಗೊತ್ತು. ಟ್ಯಾಕ್ಸಿಯವರಿಗೂ. ವಿಳಾಸ ಹೇಳಲಾಗದಿದ್ದಾಗ ಸರ್ಹಾನನೇ ಹೇಳುತ್ತಾನೆ. ಅವರು ನಗುತ್ತಾರೆ, ಮನೆ ತಲುಪಿಸುತ್ತಾರೆ.

ನನ್ನ ದನಿ ಗೊತ್ತಿರುವುದು ಸಮರ್‌ಗೆ ಮಾತ್ರ.

ಸೆಪ್ಟೆಂಬರ್ 30

ದೀಮಾ. ನನ್ನ ಮಗಳು, ಏಳು ವರ್ಷ. ಬೆಳಿಗ್ಗೆ ತಿಂಡಿಗೆ ಕೂತವಳು ನನ್ನನ್ನು ಕರೆಯಲು ಹೋದಳು. "ಬಾಬಾ" ಅನ್ನಬೇಕು. ಮುಚ್ಚಿದ ತುಟಿ ತೆರೆಯಲಿಲ್ಲ. ಕಣ್ಣು ಪಕ್ಕಕ್ಕೆ ಸರಿಯಿತು. ಆ ಕಣ್ಣು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ಪೇಪರ್ ಓದುವವನಂತೆ ಕೂತೆ.

ಶಾಲೆ ತೆರೆದಾಗಿನಿಂದ ಹೀಗಂತೆ, ಸಮರ್ ಹೇಳಿದಳು. ನನ್ನ ಮುಂದೆ ಇಷ್ಟು ದಿನ ಮಾತೇ ಆಡಿರಲಿಲ್ಲ ಅನ್ನುವುದು ಈಗ ಹೊಳೆಯುತ್ತಿದೆ.

ಅಕ್ಟೋಬರ್ 2, ಶುಕ್ರವಾರ

ಅಮ್ಮ ಬಂದಳು. ಕೈಚೀಲದಿಂದ ಅಂಜಿಕೆಯ ಬಟ್ಟಲು ತೆಗೆದಳು. ಹಿತ್ತಾಳೆ, ಒಳಗೆಲ್ಲ ಪ್ರಾರ್ಥನೆಯ ಕೆತ್ತನೆ.

"ಮಗು ಹೆದರಿದೆ ಅಷ್ಟೇ. ಯಾವ್ದೋ ನಾಯಿ ಮೈಮೇಲೆ ಬಂದಿರ್ಬೇಕು. ರಾತ್ರಿ ಇದ್ರಲ್ಲಿ ನೀರು ತುಂಬಿ ಮಂಜಿಗೆ ಇಡಿ, ಬೆಳಿಗ್ಗೆ ಕುಡಿಸಿ. ಇವನಿಗೂ ಇದ್ರಲ್ಲೇ ಕುಡಿಸಿದ್ದು. ವಾಸಿ ಆಯ್ತೋ ಇಲ್ವೋ, ನೀನೇ ಹೇಳು!"

"ವಾಸಿಯಾಯಿತು, ತಾಯೇ! ಸಪ್ತ ಸಮುದ್ರಗಳ ಮೇಲಾಣೆ!" ಎಂದೆ, ಸರ್ಹಾನನ ದನಿಯಲ್ಲಿ. ಅಮ್ಮ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಸಮರ್ ನಗಲಿಲ್ಲ.

ಆಮೇಲೆ ಅಡುಗೆಮನೆಯಲ್ಲಿ ಅವಳು: "ಸ್ಪೀಚ್ ಥೆರಪಿ ಅಂತ ಇದೆಯಂತೆ. ಟೀಚರ್ ಹೇಳಿದ್ರು. ಇಲ್ಲೇ, ಲುವೈಬ್ದೆ ಗುಡ್ಡದ ಮೆಟ್ಟಿಲ ಹತ್ರ. ಕರ್ಕೊಂಡು ಹೋಗೋಣ."

ಬೇಡ ಅಂದೆ. ತಾನಾಗೇ ಹೋಗುತ್ತೆ ಅಂದೆ.

ಅಲ್ಲಿ ಕೇಳುವ ಮೊದಲ ಪ್ರಶ್ನೆ ಏನೆಂದು ಊಹಿಸಬಲ್ಲೆ: ಮನೆಯಲ್ಲಿ ಇನ್ಯಾರಿಗಾದರೂ ಇದೆಯೇ?

ಅಕ್ಟೋಬರ್ 3

ಬೆಳಿಗ್ಗೆ ಬಟ್ಟಲ ನೀರು ದೀಮಾ ಕುಡಿದಳು. ಕಿಲುಬಿನ ರುಚಿ. ನಾಲಿಗೆಯ ಬದಿಯಲ್ಲಿ ಇಡೀ ದಿನ ಉಳಿಯುತ್ತದೆ.

ಅಕ್ಟೋಬರ್ 6

ಇದನ್ನು ಯಾರಿಗಾದರೂ ಹೇಳಿದರೆ ಹೊಟ್ಟೆ ಹಿಡಿದು ನಕ್ಕಾರು. ಹೇಳಲಾಗುವುದಿಲ್ಲ, ಅದು ಬೇರೆ.

ಸ್ಟುಡಿಯೋದ ಯಜಮಾನ ಅಬೂ ವದೀ ಹೊಸ ಕೆಲಸ ಕೊಟ್ಟ. ಉಗ್ಗಿನ ಬಗ್ಗೆ ಜಾಗೃತಿ ಜಾಹೀರಾತು, ಇಪ್ಪತ್ತೆರಡನೇ ತಾರೀಖು ರೇಡಿಯೋಕ್ಕೆ. ಬರೆದುಕೊಂಡು ಬಂದವಳು ಲಮೀಸ್ ಅಂತ, ಸ್ಪೀಚ್ ಥೆರಪಿಸ್ಟ್. ಟೀ ಬರುವವರೆಗೆ ಬಿಡದೆ ಮಾತಾಡಿದಳು. ಎಲ್ಲರಂತೆ ಅವಳಿಗೂ ನಾನು ಅಬೂ ದೀಮಾ, ದೀಮಾಳ ಅಪ್ಪ.

"ನಮ್ಮ ಕೆಲ್ಸ ಏನು ಅಂತಾನೇ ಜನಕ್ಕೆ ಗೊತ್ತಿಲ್ಲ ಅಬೂ ದೀಮಾ. ಹತ್ತು ವರ್ಷ ಆಯ್ತು, ನಮ್ಮತ್ತೆ ಇವತ್ತಿಗೂ ನನ್ನ ಹತ್ರ ಹಲ್ಲುನೋವು ಅಂತ ಬರ್ತಾರೆ. ಇನ್ನು ಕೆಲವರು ಮಗುವಿನ ನಾಲಿಗೆ ಕೆಳಗಿನ ನರ ಕುಯ್ಸೋಕೆ ಓಡ್ತಾರೆ. ಬಾಯಿಗೆ ಬೆಣಚುಕಲ್ಲು ಹಾಕ್ತಾರೆ. ಎಲ್ಲಾ ಮುಗಿದ್ಮೇಲೆ ನಮ್ಮ ಹತ್ರ ಬರೋದು. ಅಷ್ಟರಲ್ಲಿ ಮಗು ಸುಮ್ನಿರೋದು ಕಲ್ತಿರುತ್ತೆ."

ಸಣ್ಣ ಸ್ಕ್ರಿಪ್ಟ್. ಮನೆಮಾತಿನ ಅರಬ್ಬಿಯಲ್ಲಿ. 'ನಾನು ಯೂಸುಫ್. ನಾನು ಉಗ್ಗುತ್ತೀನಿ. ದಡ್ಡ ಅಲ್ಲ, ಹೆದರಿಲ್ಲ. ಸ್ವಲ್ಪ ಕಾಯಿರಿ, ಹೇಳ್ತೀನಿ.' ಹೆಸರಿನ ಹತ್ತಿರ ಸಿಕ್ಕಿಕೊಳ್ಳಬೇಕು.

ಕೆಂಪು ದೀಪ. "ನಾನು ಯೂ-ಯೂ-ಯೂ-ಯೂಸುಫ್."

ಗಾಜಿನಾಚೆ ಅಬೂ ವದೀ ತೊಡೆ ತಟ್ಟಿ ನಕ್ಕ. ಲಮೀಸ್ ಹೆಡ್‌ಫೋನ್ ತೆಗೆದಳು.

"ಬೇಜಾರ್ ಮಾಡ್ಕೋಬೇಡಿ. ಇದು ಸಿನಿಮಾದ ಉಗ್ಗು. ಮದುವೆ ಮನೇಲಿ ನಗಿಸೋಕೆ ಮಾಡ್ತಾರಲ್ಲ, ಅದು. ನಿಜವಾದ್ದರಲ್ಲಿ ಎಷ್ಟೋ ಸಲ ಸದ್ದೇ ಇರಲ್ಲ. ಮಾತು ಒಳಗೇ ನಿಂತಿರುತ್ತೆ. ಉಗ್ಗೋರನ್ನ ಯಾವತ್ತಾದ್ರೂ ಹತ್ರದಿಂದ ನೋಡಿದೀರಾ?"

"ಇಲ್ಲ," ಎಂದೆ. ಕೆಂಪು ದೀಪ ಇನ್ನೂ ಉರಿಯುತ್ತಿತ್ತು, ಸುಂದರವಾದ ದನಿ.

ಮತ್ತೆ ಮತ್ತೆ ಪ್ರಯತ್ನಿಸಿದೆ. ಕೋಣೆಯಲ್ಲಿದ್ದ ಒಬ್ಬನೇ ಉಗ್ಗನಿಗೆ ಉಗ್ಗಲು ಬರಲಿಲ್ಲ. ಮುಂದಿನ ವಾರ ನೋಡೋಣ ಎಂದು ಎದ್ದರು. ಆಗದಿದ್ದರೆ ಬೇರೆಯವರನ್ನು ಹುಡುಕುತ್ತಾರೆ. ಹುಡುಕಲಿ.

ಅಕ್ಟೋಬರ್ 12, ಸೋಮವಾರ

ಶಾಲೆಯಲ್ಲಿ ದೀಮಾಳಿಗೆ ಬಾಯಾರಿಕೆ. ಕೈ ಎತ್ತಿದ್ದಾಳೆ. ಎದ್ದು ನಿಂತು, ಎದೆ ಸೆಟೆದು, ದಪ್ಪ ದನಿಯಲ್ಲಿ:

"ಎಲೈ ಗುರುಮಾತೆಯೇ! ದಾಹದಿಂದ ಬಳಲಿರುವೆನು. ಜಲಪಾನಕ್ಕೆ ಅಪ್ಪಣೆಯಾಗಲಿ!"

ಒಮ್ಮೆಯೂ ತಡವರಿಸಲಿಲ್ಲವಂತೆ. ಇಡೀ ಕ್ಲಾಸು ನಕ್ಕಿದೆ, ಟೀಚರ್ ಸಹ. ಸಂಜೆ ಅಮ್ಮ ಫೋನಿನಲ್ಲಿ ಸಮರ್‌ಗೆ: "ಬಟ್ಟಲಿನ ಮಹಿಮೆ! ನಾನು ಹೇಳ್ಲಿಲ್ವಾ?"

ಊಟದ ಹೊತ್ತಿಗೆ ಮತ್ತೆ. "ಎಲೈ ಬಾಬಾ! ಉಪ್ಪನ್ನು ಇತ್ತ ದಯಪಾಲಿಸು!"

ಉಪ್ಪು ಕೊಟ್ಟೆ.

ಅಕ್ಟೋಬರ್ 13

ಶಾಲೆಯಿಂದ ಕರೆತರುವಾಗ ಮೆಟ್ಟಿಲ ಮೇಲೆ ಕೂತೆವು. ಒಂದು ಬೆಕ್ಕು ಬಂತು. ದೀಮಾ ಬೆಕ್ಕಿಗೂ ಸರ್ಹಾನನ ದನಿಯಲ್ಲೇ ಆಜ್ಞೆ ಕೊಟ್ಟಳು.

"ದೀಮಾ ದನೀಲಿ ಹೇಳು," ಎಂದೆ.

ಬೆಕ್ಕಿನ ಬೆನ್ನು ಸವರಿದಳು. ಆಮೇಲೆ ತುಂಬಾ ಸಣ್ಣಗೆ: "ನೀ... ನೀನು ಮೊದ್ಲು."

ಎದ್ದು ನಡೆದೆವು. ಮನೆಯವರೆಗೂ ಅವಳ ಚೀಲ ನಾನೇ ಹೊತ್ತೆ.

ಸಮರ್‌ಗೆ ಹೇಳಿದೆ — ತುಂಡು ತುಂಡಾಗಿ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಇಷ್ಟು ವರ್ಷ ನಿನ್ನ ಫೋನ್ ನಾನು ಎತ್ತಿದೀನಿ. ಬೇಜಾರಿಲ್ಲ ನಂಗೆ. ಅವಳದ್ದು ಯಾರು ಎತ್ತುತಾರೆ?"

ಅಕ್ಟೋಬರ್ 15, ಗುರುವಾರ

ದೀಮಾಳನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. ಗಾಜಿನಾಚೆ ಎತ್ತರದ ಸ್ಟೂಲಿನ ಮೇಲೆ, ಲಮೀಸ್ ಪಕ್ಕ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ರೆಕಾರ್ಡಿಂಗ್ ನಡೆಯಲಿ, ಕೆಂಪು ದೀಪ ಮಾತ್ರ ಆರಿಸಿ ಎಂದು ಸನ್ನೆ ಮಾಡಿದೆ. ಹೆಡ್‌ಫೋನ್ ತೆಗೆದೆ. ಸ್ಕ್ರಿಪ್ಟ್ ನೆಲದ ಮೇಲಿಟ್ಟೆ.

"ನಾನು —"

ಯೂಸುಫ್ ಅಲ್ಲ. ನನ್ನದೇ ಹೆಸರು. ಎಲ್ಲರೂ ಅಬೂ ದೀಮಾ ಅನ್ನಲು ಶುರುಮಾಡಿದ ದಿನ ಬಿಡುಗಡೆ ಸಿಕ್ಕಿತು ಅಂದುಕೊಂಡಿದ್ದ ಹೆಸರು. ಅದು ಬಟ್ಟೆ ತೊಟ್ಟು ಬಾಗಿಲ ಬಳಿ ನಿಂತಿದೆ, ಬಾಗಿಲು ಮಾತ್ರ ನನ್ನದಲ್ಲ. ಕಣ್ಣು ಪಕ್ಕಕ್ಕೆ ಓಡಲು ನೋಡಿತು. ಹಿಡಿದು ಗಾಜಿನ ಕಡೆ ತಿರುಗಿಸಿದೆ. ಅಬೂ ವದೀ ಕೇಬಲ್ ಅಲುಗಾಡಿಸುತ್ತಿದ್ದ. ಲಮೀಸ್ ಅವನ ಮಣಿಕಟ್ಟು ಹಿಡಿದಳು. ದೀಮಾಳ ಕಾಲಿನ ತೂಗಾಟ ನಿಂತಿತ್ತು.

ಆಮೇಲೆ ಬಂತು. ಉಳಿದದ್ದೂ ಬಂತು, ಒಡೆದು ಒಡೆದು.

ಹೊರಗೆ ಅಬೂ ವದೀ ಸಿಗರೇಟನ್ನು ತಿರುಗುಮುರುಗಾಗಿ ಬಾಯಿಗಿಟ್ಟು ಫಿಲ್ಟರಿಗೆ ಬೆಂಕಿ ಹಚ್ಚಿದ. "ಹದಿನಾಲ್ಕು ವರ್ಷ ಕಣೋ! ನಾನೆಲ್ಲೋ ನಿಂಗೆ ಜಂಬ ಅಂದ್ಕೊಂಡಿದ್ದೆ, ಮಾತೇ ಆಡಲ್ಲ ಅಂತ. ಯಾಕೋ ಹೇಳ್ಲಿಲ್ಲ?"

"ಹೇ... ಹೇಳೋಕೆ ಆಗ್ದೇ ಇರೋದೇ ಅ... ಅದು."

ಅವನಿಗೆ ನಗಬಹುದೋ ಬಾರದೋ ತಿಳಿಯಲಿಲ್ಲ. ದೀಮಾ ನಕ್ಕಳು. ಅವನೂ ನಕ್ಕ. ತಕ್ಷಣ ಯಜಮಾನನಾದ: "ಆದ್ರೆ ಆ ಖಾಲಿ ಜಾಗ ಕತ್ತರಿಸ್ಬೇಕು. ರೇಡಿಯೋ ಸುಮ್ನಾದ್ರೆ ಜನ ಬೇರೆ ಸ್ಟೇಷನ್ ಹಾಕ್ತಾರೆ."

"ಆ ಖಾಲಿ ಜಾಗಾನೇ ಜಾಹೀರಾತು," ಅಂದಳು ಲಮೀಸ್. "ಉಳಿದಿದ್ದು ಬೇಕಾದ್ರೆ ಕತ್ತರಿಸಿ."

ಇಬ್ಬರ ಜಗಳ ಮುಗಿಯುವ ಮೊದಲೇ ಬಂದೆವು.

ಅಕ್ಟೋಬರ್ 19

ಲಮೀಸ್‌ಳ ಕ್ಲಿನಿಕ್. ಸಮರ್, ದೀಮಾ, ನಾನು. ಪ್ರಶ್ನೆ ಬಂತು: ಮನೆಯಲ್ಲಿ ಇನ್ಯಾರಿಗಾದರೂ ಇದೆಯೇ? ದೀಮಾ ನನ್ನತ್ತ ಬೆರಳು ತೋರಿಸಿದಳು. ಹೆಮ್ಮೆಯೋ ಚಾಡಿಯೋ, ಗೊತ್ತಾಗಲಿಲ್ಲ.

ವಾಸಿ ಆಗುತ್ತಾ ಅಂದಳು ಸಮರ್.

"ಆ ಮಾತು ನಾನು ಕೊಡಲ್ಲ. ಇವಳದ್ದು ಎಳೇದು, ತುಂಬಾ ಹಗುರ ಆಗ್ಬಹುದು. ಇವರದ್ದು..." ನನ್ನನ್ನು ನೋಡಿದಳು. "ಇವರು ಬಚ್ಚಿಡೋದು ಬಿಟ್ರೆ ಅರ್ಧ ಭಾರ ಇಳಿಯುತ್ತೆ. ಉಳಿದರ್ಧಕ್ಕೆ ಪ್ರತಿ ಸೋಮವಾರ ಬನ್ನಿ."

ಭಾರ ಇಳಿದಂತೇನೂ ಅನಿಸಲಿಲ್ಲ. ಬೇರೆ ಕೋಣೆಗೆ ಹಾಕಿದ ಹಾಗಿದೆ. ಇದಕ್ಕೆ ಕಿಟಕಿ ಇದೆ, ಎಲ್ಲರಿಗೂ ಕಾಣುತ್ತೇನೆ.

ಅಕ್ಟೋಬರ್ 21

ನಾಳೆ. ಬೇಡ. ಅಂಗಡಿಯವನು ಕೇಳುತ್ತಾನೆ, ಟ್ಯಾಕ್ಸಿಯವರು ಕೇಳುತ್ತಾರೆ. ಸರ್ಹಾನನನ್ನು ಮಾಡಿದರೆ ಇನ್ನು ಯಾರು ನಂಬುತ್ತಾರೆ? ಅಮ್ಮ ಕೇಳುತ್ತಾಳೆ. ಅಮ್ಮನಿಗೆ ನಾನು ವಾಸಿಯಾದವನು.

ರೇಡಿಯೋದವರಿಗೆ ಹೇಳಿ ನಿಲ್ಲಿಸಬಹುದು. ನಿಲ್ಲಿಸಲು ಫೋನ್ ಮಾಡಬೇಕು. ಯಾರು ಮಾತಾಡೋದು ಅಂತ ಕೇಳುತ್ತಾರೆ.

ಫೋನ್ ಮಾಡು ಅಂತ ಸಮರ್‌ಗೆ ಕೈಸನ್ನೆ ಮಾಡಿದೆ. ಅರ್ಥವಾಗದವಳಂತೆ ಎದ್ದು ಹೋದಳು.

ಅಕ್ಟೋಬರ್ 22, ಬೆಳಿಗ್ಗೆ

ಅಮ್ಮ ನಿನ್ನೆಯೇ ಬಂದಿದ್ದಳು. ಸಮರ್ ಕರೆಸಿದ್ದು. ಸುದ್ದಿ ಮುಗಿಯಿತು. ಅಮ್ಮ ಆಲಿವ್ ಬೀಜ ತಟ್ಟೆಗೆ ಉಗಿಯುತ್ತಿದ್ದಳು. ಸಮರ್ ಸೌತೆಕಾಯಿ ಹೆಚ್ಚುತ್ತಿದ್ದಳು.

'ನಾನು —' ಅಂತು ರೇಡಿಯೋ.

ಕತ್ತರಿಸಿರಲಿಲ್ಲ.

ಏನೂ ಇಲ್ಲ. ಹೊರಗೆ ಸಿಲಿಂಡರ್ ಮಾರುವ ಗ್ಯಾಸ್ ಗಾಡಿಯ ಸಂಗೀತ ಮಾತ್ರ.

"ಕೆಟ್ಟೋಯ್ತು ನೋಡು ಈ ದರಿದ್ರ," ಎಂದು ಅಮ್ಮ ಗುಂಡಿಗೆ ಕೈ ಹಾಕಿದಳು.

"ಮು... ಮುಟ್ಬೇಡ ಅಜ್ಜಿ!" ದೀಮಾ. ಅವಳದೇ ದನಿ. "ಬಾ... ಬಾಬಾ ಒಳಗಿದಾನೆ. ತಡಿ. ಬರ್ತಾನೆ."

ಅಮ್ಮ ನನ್ನನ್ನು ನೋಡಿದಳು. ಕೈ ಗುಂಡಿಯ ಮೇಲೆಯೇ ನಿಂತಿತ್ತು. ಸಮರ್ ಚಾಕು ಕೆಳಗಿಟ್ಟಳು. ಅಡುಗೆಮನೆಯಲ್ಲಿ ಎಲ್ಲರೂ ಕಾದರು. ನಾನೂ ಕಾದೆ, ಬೇರೆ ಯಾರೋ ಬರಬೇಕಾಗಿದೆ ಎಂಬಂತೆ.

ಆಮೇಲೆ ನನ್ನ ಹೆಸರಿನ ಮೊದಲ ಅಕ್ಷರ —