ನೀರಿನ ಮೇಲಿನ ಮಾತು

ಜಲಮುಂಡಿ, ಚಿಲಿಕಾ ದಡ
ಜನವರಿ ೧೯, ಗುರುವಾರ

ಪ್ರೀತಿಯ ಸುಕಾಂತಿಗೆ,

ನಿನ್ನ ಅಣ್ಣನ ಹೆಂಡತಿ, ನಿನ್ನ ಭಾವುಜ, ಮನಸಾರೆ ಹರಸಿ ಬರೆಯುವುದು. ಸೂರತ್ತಿನಲ್ಲಿ ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲರೂ ನೆಮ್ಮದಿಯಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಗಳು ಅಕ್ಕಿ ಡಬ್ಬದ ಮೇಲೆ ಕೂತು ದಿನವೂ ನನ್ನನ್ನೇ ನೋಡುತ್ತಿವೆ. ಕಣ್ಣಿನ ಪೊರೆ ತೆಗೆಸಿದ್ದರಿಂದ ಬರೆಯಲಾಗಲಿಲ್ಲ ಎಂದು ಹೇಳಬಹುದು, ಅದು ಅರ್ಧ ಸುಳ್ಳು. ಪೊರೆ ತೆಗೆಸಿ ಎರಡು ತಿಂಗಳಾಯಿತು. ಈಗ ಎದುರು ಮನೆಯವರು ಒಣಗಿಸಿದ ಸೀಗಡಿಯನ್ನು ಇಲ್ಲಿಂದಲೇ ಎಣಿಸಬಲ್ಲೆ. ಬರೆಯಲು ಕೂತು ಕೂತು ಎದ್ದೆ, ಅಷ್ಟೇ. ಕ್ಷಮಿಸು.

ಮೊದಲು ಸುದ್ದಿ. ನನ್ನ ಮಗಳು, ನಿನ್ನ ಸೋದರ ಸೊಸೆ ಝಿಲಿ ಮೋಟಾರು ದೋಣಿ ತಂದಿದ್ದಾಳೆ. ಹೌದು, ಝಿಲಿಯೇ. ಬಾಲುಗಾಂವದಲ್ಲಿ ಯಾರೋ ಮಾರುತ್ತಿದ್ದರಂತೆ. ಇವಳೂ ಇವಳ ಇಬ್ಬರು ಗೆಳತಿಯರೂ ಸೇರಿ ಕೊಂಡರು. ಬಿಳಿ ಬಣ್ಣ, ಅಂಚಿಗೆ ಹಸಿರು ಪಟ್ಟೆ, ಎಂಟು ಜನ ಕೂರಬಹುದು. ಚಳಿಗಾಲದಲ್ಲಿ ಹಕ್ಕಿ ನೋಡಲು ಬರುವವರನ್ನು ಕರೆದೊಯ್ಯುವುದು ಅವರ ಉದ್ಯೋಗ. ದೋಣಿ ನಮ್ಮ ಘಾಟಿನ ದಡಕ್ಕೆ ಬಂದ ದಿನ ಇಡೀ ಕೇರಿ ನೆರೆದಿತ್ತು. ಮುದುಕ ದಳೇಯಿ ಅಜ್ಜ ಕೋಲೂರಿಕೊಂಡು ಬಂದು, ಹೆಂಗಸರು ಹತ್ತಿದ ದೋಣಿಗೆ ಮೀನು ಬೀಳಲ್ಲ ಎಂದ. ಝಿಲಿ ಎಂಜಿನ್ನಿನ ಹಗ್ಗ ಒರೆಸುತ್ತಲೇ, "ನಾನು ಕರ್ಕೊಂಡು ಹೋಗೋದು ಹಕ್ಕಿ ನೋಡೋಕೆ ಅಜ್ಜ, ಅವು ಬೀಳೋದು ಬೇಡ," ಎಂದಳು. ಅಜ್ಜನೇ ಮೊದಲು ನಕ್ಕ.

ಕಳೆದ ಭಾನುವಾರ ಬೆಳಗ್ಗೆ ನನ್ನನ್ನು ಎಬ್ಬಿಸಿ, ಬೋಉ, ಶಾಲು ಹೊದ್ದುಕೊಂಡು ಬಾ, ಶಂಖಕುದಕ್ಕೆ ಹೋಗಿ ಬರೋಣ ಎಂದಳು. ಆ ದ್ವೀಪದ ಹೆಸರು ನಿನಗೆ ಗೊತ್ತು. ನಿನ್ನ ಅಣ್ಣ ಇದ್ದಾಗ ಪ್ರತಿ ಚಳಿಗಾಲ ವಾರಗಟ್ಟಲೆ ಬಲೆ ಹಾಕಿಕೊಂಡು ಬಿಡಾರ ಹೂಡುತ್ತಿದ್ದ ಜಾಗ. ಮೂವತ್ತೆಂಟು ವರ್ಷ ಸಂಸಾರ ಮಾಡಿದೆ, ಅದನ್ನು ಕಣ್ಣಾರೆ ಕಂಡಿರಲಿಲ್ಲ. ನಮ್ಮಲ್ಲಿ ಮೀನಿನ ದೋಣಿಗೆ ಹೆಂಗಸರು ಕಾಲಿಡುವಂತಿಲ್ಲವಲ್ಲ. ಎಲ್ಲಿಗೆ ಹೋದರೂ ಬಸ್ಸಿನಲ್ಲೇ ಹೋದವಳು ನಾನು. ನೀರು ನನಗೆ ಅಂಗಳದ ಆಚೆ ಕಾಣುವ ಒಂದು ಬಣ್ಣ, ಅಷ್ಟೇ ಆಗಿತ್ತು.

ಬುತ್ತಿಗೆ ದೋಸೆಯಂಥ ಚಕುಲಿ ಪಿಠಾ, ಆಲೂಗಡ್ಡೆ ಪಲ್ಯ ಕಟ್ಟಿಕೊಂಡೆ. ಮಂಜು ದಟ್ಟವಾಗಿತ್ತು. ಒಳಗೊಳಗೆ ಹೆದರಿಕೆ, ಆದರೆ ಕುತೂಹಲ ಅದಕ್ಕಿಂತ ಹೆಚ್ಚು. ಎಂಜಿನ್ನು ಎರಡು ಸಲ ಕೆಮ್ಮಿ ಮೂರನೆಯ ಸಲ ಹಿಡಿಯಿತು. ಮಂಜು ಕರಗಿದಂತೆ ಬಾತುಗಳು ಕಂಡವು, ಸಾವಿರಾರು. ನಾವು ಹತ್ತಿರ ಹೋದಾಗ ಎಲ್ಲವೂ ಒಟ್ಟಿಗೆ ಎದ್ದವು. ಝಿಲಿ ಒಂದೊಂದರ ಹೆಸರು, ಅದು ಎಲ್ಲಿಂದ ಬರುತ್ತದೆ, ಏನು ತಿನ್ನುತ್ತದೆ ಎಂದು ಹೇಳುತ್ತ ಹೋದಳು. ಇದನ್ನೆಲ್ಲ ಯಾವ ಶಾಲೆಯಲ್ಲಿ ಕಲಿತೆಯೇ ಎಂದು ಕೇಳಿದೆ.

"ಬಾಪಾ ಹೇಳ್ಕೊಟ್ಟಿದ್ದು."

ನಾನು ನಂಬಲಿಲ್ಲ. ಮಗ ಬಾಬುಲಾ ತೀರಿಹೋದ ಮೇಲೆ ನಿನ್ನ ಅಣ್ಣ ಮಾತು ಬಿಟ್ಟದ್ದು ನಿನಗೂ ಗೊತ್ತು, ಊರಿಗೂ ಗೊತ್ತು. ಊಟ ಬಡಿಸಿದರೆ 'ಸಾಕು', ಹೊರಟರೆ 'ಬರ್ತೀನಿ'. ಮೂವತ್ತು ವರ್ಷ ಇಷ್ಟೇ. ಈ ಹುಡುಗಿ ಹುಟ್ಟಿದಾಗ ಕೂಡ ಅವರ ಬಾಯಿಂದ ಒಂದು ಮಾತು ಬರಲಿಲ್ಲ. ಅದನ್ನೇ ಹೇಳಿದೆ. ಝಿಲಿ ಎಂಜಿನ್ನಿನ ವೇಗ ಇಳಿಸಿ ನನ್ನ ಮುಖ ನೋಡಿದಳು.

"ಚಿಕ್ಕೋಳಿದ್ದಾಗ ನನ್ನನ್ನ ದೋಣೀಲಿ ಕೂರಿಸ್ಕೊಂಡು ಬರೋರಲ್ಲ, ಆಗ ಬಾಯಿ ಮುಚ್ತಾನೇ ಇರ್ಲಿಲ್ಲ. ಬಾಪಾ ನೀರಿನ ಮೇಲೆ ಮಾತ್ರ ಮಾತಾಡೋರು, ಬೋಉ. ಎಲ್ಲರ ಅಪ್ಪಂದಿರೂ ಹಾಗೇ ಅಂದ್ಕೊಂಡಿದ್ದೆ ನಾನು. ನಿನಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ, ಸುಕಾಂತಿ.

ಶಂಖಕುದ ಮುಟ್ಟಲು ಐವತ್ತು ನಿಮಿಷ ಹಿಡಿಯಿತು. ನಾಲ್ಕು ಹುಲ್ಲಿನ ಗುಡಿಸಲು, ಒಣಗಲು ಹಾಕಿದ ಬಲೆಗಳು, ಒಂದು ಚಹದಂಗಡಿ. ಅಂಗಡಿ ನಡೆಸುವವಳು ಹೀರಾ ಮಾವುಸಿ ಎಂಬ ಮುದುಕಿ. ಎಂಬತ್ತರ ಹತ್ತಿರ ಇರಬೇಕು, ಮುಂದಿನ ಎರಡು ಹಲ್ಲಿಲ್ಲ. ನಾನು ಯಾರೆಂದು ಝಿಲಿ ಹೇಳುವ ಮೊದಲೇ ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಚಂಚಲಾ ತಾನೇ ಎಂದಳು. ನನ್ನ ಎಡಗೈ ಹಿಡಿದು ತಿರುಗಿಸಿ, ಮೊಣಕೈ ಹತ್ತಿರದ ಸುಟ್ಟ ಕಲೆ ನೋಡಿ ತಲೆಯಾಡಿಸಿದಳು. ಮದುವೆಯಾದ ಹೊಸದರಲ್ಲಿ ಸಾಸಿವೆ ಹಾಕಿದ ಮೀನಿನ ಸಾರು ಉಕ್ಕಿ ಸುಟ್ಟದ್ದು, ಆದರೂ ಅಳದೆ ನಕ್ಕದ್ದು, ಪಿಠಾ ಹುಯ್ಯುವಾಗ ನಾನು ಗುನುಗುವುದು, ಹಲ್ಲಿಗೆ ಹೆದರುವುದು ಎಲ್ಲ ಅವಳಿಗೆ ಗೊತ್ತು! ಹಲ್ಲಿಯ ವಿಷಯ ಹೇಳುವಾಗಂತೂ ಅಲ್ಲಿ ಕೂತಿದ್ದ ಬೆಸ್ತರೂ ಮುಸಿಮುಸಿ ನಕ್ಕರು. ಅಂದರೆ ಅವರಿಗೂ ಗೊತ್ತು. ನಾಚಿಕೆಯಿಂದ ಸೆರಗು ಎಳೆದುಕೊಂಡೆ, ಆದರೆ ಇನ್ನೂ ಹೇಳಲಿ, ನಿನ್ನ ಅಣ್ಣ ಇನ್ನೂ ಏನೇನು ಹೇಳಿದ್ದಾರೆ ಎಂದು ಕಿವಿ ಅಲ್ಲೇ ಇತ್ತು. ಎರಡು ಸಲ ಚಹಾ ಕುಡಿದೆ, ಬಟಾಣಿ ಘುಗುನಿ ತಿಂದೆ.

ಅವರು ಅಲ್ಲಿ ಕತೆ ಹೇಳುತ್ತಿದ್ದರಂತೆ. ಚಳಿಗೆ ಬೆಂಕಿ ಹಾಕಿಕೊಂಡರೆ ಕೈವಲ್ಯ ಒಂದು ಕತೆ ಹೇಳದೆ ಯಾರೂ ಏಳುತ್ತಿರಲಿಲ್ಲವಂತೆ. ಒಂದು ಕತೆ ಮಾತ್ರ ಅರ್ಧಕ್ಕೆ ನಿಂತಿದೆ ಎಂದು ಮುದುಕಿ ಹೇಳಿದಳು. ಒಬ್ಬ ಅಂಬಿಗ ದೋಣಿ ನೂಕುವ ಗಳು ಊರುತ್ತ ಹೋಗುವಾಗ ನೀರಿನ ತಳದಲ್ಲಿ ಮರಕ್ಕೆ ಮರ ತಾಗಿದ ಸದ್ದು ಬರುತ್ತದೆ. ಇನ್ನೊಮ್ಮೆ ಊರಿದರೆ, ಕೆಳಗಿನಿಂದ ಯಾರೋ ತಿರುಗಿ ತಟ್ಟುತ್ತಾರೆ. ಮುಳುಗಿ ನೋಡಿದರೆ ಕೆಸರಿನಲ್ಲಿ ಒಂದು ಬಾಗಿಲು.

"ಅಗುಳಿಗೆ ಕೈ ಹಾಕಿದ ಅಂತ ಹೇಳ್ತಿದ್ದ," ಎಂದಳು ಹೀರಾ ಮಾವುಸಿ. "ಅಷ್ಟರಲ್ಲಿ ನಿಮ್ಮೂರಿಂದ ದೋಣಿ ಬಂತು, ಮಗೂಗೆ ಜ್ವರ ಜಾಸ್ತಿ ಅಂತ. ಎದ್ದೇಬಿಟ್ಟ. ಕೈಯಲ್ಲಿದ್ದ ಲೋಟ ಕೆಳಗಿಡೋದೂ ಮರ್ತು ದೋಣಿ ಹತ್ತಿದ. ಗಾಳಿ ಇಳೀಲಿ, ಇರು ಅಂತ ಎಲ್ಲರೂ ಹೇಳಿದ್ವಿ. ಕೇಳ್ಲಿಲ್ಲ. ಎರಡು ಚಳಿಗಾಲ ಈ ಕಡೆ ಬರ್ಲೇ ಇಲ್ಲ. ಆಮೇಲೆ ಬಂದ, ಬೇರೆ ಕತೆ ಎಷ್ಟೋ ಹೇಳಿದ. ಅದೊಂದನ್ನ ಮುಗಿಸು ಅಂದ್ರೆ ಎದ್ದು ಹೋಗ್ತಿದ್ದ. ಬಾಗಿಲ ಒಳಗೆ ಯಾರಿದ್ರು, ನಿನಗಾದ್ರೂ ಗೊತ್ತಾ?"

ನನಗೆ ಗೊತ್ತಿಲ್ಲ ಎಂದೆ. ಮುದುಕಿಗೆ ನಿರಾಸೆಯಾಯಿತು. ಹೊರಡುವಾಗ ಝಿಲಿಯ ಕೈಗೆ ಒಣಮೀನಿನ ಪೊಟ್ಟಣ ಕೊಟ್ಟು, ಗೊತ್ತಾದರೆ ಬಂದು ಹೇಳು, ನಾನು ಬಹಳ ದಿನ ಇರಲ್ಲ ಎಂದಳು.

ಮಧ್ಯಾಹ್ನ ತಿರುಗಿ ಬರುವಾಗ ಉತ್ತರದ ಗಾಳಿ ಎದ್ದಿತ್ತು. ಬೆಳಗ್ಗೆ ಗಾಜಿನಂತಿದ್ದ ನೀರು ಈಗ ದೋಣಿಯ ಮೂತಿಗೆ ಬಡಿದು ನಮ್ಮ ಮೇಲೆಲ್ಲ ಹಾರುತ್ತಿತ್ತು. ಎಂಜಿನ್ನು ಗೋಳಾಡುತ್ತಿದ್ದರೂ ದಡ ಇದ್ದಲ್ಲೇ ಇತ್ತು. ಒಂದೂವರೆ ಗಂಟೆಯಾದರೂ ನಮ್ಮ ಘಾಟು ಕಾಣಲಿಲ್ಲ. ಒದ್ದೆಯಾಗಿ ನಡುಗುತ್ತ ಕೇಳಿದೆ, ಇಂಥ ಗಾಳಿಯಲ್ಲಿ ಗಳು ಊರಿಕೊಂಡು ಬಂದರೆ ಎಷ್ಟು ಹೊತ್ತು ಬೇಕು ಎಂದು.

"ಎದುರು ಗಾಳೀಲಾ? ಯಾರೂ ಬರಲ್ಲ ಬೋಉ. ಬಂದ್ರೂ ಮಾರನೇ ದಿನ ಬೆಳಗ್ಗೇನೇ."

ಆಮೇಲೆ ಮನೆ ಮುಟ್ಟುವವರೆಗೂ ನನ್ನ ಎರಡು ಅಂಗೈಗಳನ್ನೇ ನೋಡುತ್ತ ಕೂತೆ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನನಗೆ ಆ ಕತೆಯ ಉಳಿದ ಭಾಗ ಬೇಕು. ನಿಮ್ಮ ಅಮ್ಮ ಕತೆ ಹೇಳುವುದರಲ್ಲಿ ಹೆಸರಾದವರು; ಅವರಿಂದ ಕೇಳಿದ್ದೇ ಇರಬೇಕು. ನೀನೂ ಪಕ್ಕದಲ್ಲೇ ಮಲಗಿ ಕೇಳಿರುತ್ತೀಯ. ನಿಧಾನವಾಗಿ ನೆನಪಿಸಿಕೊಂಡು ಬರೆ. ಝಿಲಿ ಮುದುಕಿಗೆ ಮುಟ್ಟಿಸುತ್ತಾಳೆ.

ಮಕ್ಕಳಿಗೆ ಆಯಸ್ಸು, ಆರೋಗ್ಯ ಇರಲಿ. ನಿನ್ನ ಮೊಣಕಾಲಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಸಾಸಿವೆ ಎಣ್ಣೆ ತಿಕ್ಕು. ದೊಡ್ಡವಳ ಮದುವೆಗೆ ನಾನು ಬಂದೇ ಬರುತ್ತೇನೆ.

ನಿನ್ನ ಭಾವುಜ,
ಚಂಚಲಾ

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತು ಮುಂದೂಡಿದ್ದು. ಬಾಬುಲಾ ಬೆಳಗಿನ ಜಾವ ಹೋದ. ನಿನ್ನ ಅಣ್ಣ ಬಂದದ್ದು ಬಿಸಿಲೇರಿದ ಮೇಲೆ. ಸುದ್ದಿ ಒಯ್ದವನು ಗಾಳಿ ಇಳಿಯಲೆಂದು ಬೇರೊಂದು ದಡದಲ್ಲಿ ನಿಂತಿದ್ದು ಆಮೇಲೆ ಬಂದ. ತಾನು ಹೋದಾಗ ಕೈವಲ್ಯ ಕತೆ ಹೇಳುತ್ತ ಕೂತಿದ್ದ, ಎಲ್ಲರೂ ನಗುತ್ತಿದ್ದರು ಎಂದ. ಅವನು ಕಂಡದ್ದನ್ನೇ ಹೇಳಿದ. ನಾನು ಅಷ್ಟನ್ನೇ ಹಿಡಿದುಕೊಂಡೆ. ಕತೆ ಮುಗಿಸಿ ಎದ್ದು ಬಂದಿದ್ದಾರೆ ಎಂದುಕೊಂಡೆ. ಅವರ ಅಂಗೈ ಎರಡೂ ಸಿಪ್ಪೆ ಎದ್ದು ರಕ್ತವಾಗಿದ್ದವು. ನೋಡಿದೆ, ಏಕೆಂದು ಕೇಳಲಿಲ್ಲ. ರಾತ್ರಿಯಿಡೀ ಗಳು ಊರಿದ ಕೈ ಎಂದು ಈ ಭಾನುವಾರ ತಿಳಿಯಿತು. "ನಿಮ್ಮ ನಾಲಿಗೆ ನನ್ನ ಮಗನನ್ನ ತಿಂತು. ಇನ್ನು ಈ ಮನೇಲಿ ಅದರ ಸದ್ದು ನನಗೆ ಕೇಳಿಸಬಾರದು," ಎಂದೆ. ಅವರು ಏನೋ ಹೇಳಲು ಬಾಯಿ ತೆರೆದರು, ಮುಚ್ಚಿಕೊಂಡರು. ಹನ್ನೊಂದನೆಯ ದಿನದ ಕರ್ಮಕ್ಕೆ ಬಂದಾಗ ನೀನು ನನ್ನನ್ನು ಕೇಳಿದ್ದೆ, ಅಣ್ಣ ಯಾಕೆ ಹೀಗಾದ ಎಂದು. ಮಗನ ದುಃಖ ಎಂದು ಹೇಳಿದ್ದೆ. ಹೋದ ವರ್ಷ ಅವರು ತೀರಿಕೊಂಡಾಗ ನೀನು ಮತ್ತೆ ಕೇಳಿದೆ, ನಾನು ಮತ್ತೆ ಅದನ್ನೇ ಹೇಳಿದೆ. ಝಿಲಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ. ಸಿಟ್ಟು ಬಂದರೆ ಕಾಗದದ ತುಂಬ ಬೈದು ಬರೆ, ಸುಕಾಂತಿ. ಬರೆಯದೆ ಮಾತ್ರ ಇರಬೇಡ.